ನಡ ಒತ್ರಿ, ಹೊಟ್ಟಿ ಒತ್ತಬ್ಯಾಡ್ರಿ!

“ಅವ್ವಾ, ಹೊಟ್ಟಿಗಿಂತ ನಡಾನ ಹರದ್ಹಾಂಗ ಆಗೇತಿ!”

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ — ಯಾವ ಊರಿನ ಹೆರಿಗೆ ಕೋಣೆಗೂ ಈ ಕೂಗು ಹೊಸದಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ನರಳುತ್ತಿದ್ದರೆ ಪಕ್ಕದಲ್ಲಿ ನಿಂತ ತಾಯಿಗೆ ಕೈಕಾಲು ಆಡುವುದಿಲ್ಲ. ಗಾಳಿ ಬೀಸುತ್ತಾಳೆ, ದೇವರಿಗೆ ಹರಕೆ ಹೊರುತ್ತಾಳೆ. ಆದರೆ ನೋವು ತಗ್ಗಿಸುವ ಒಂದು ಉಪಾಯ ಆಕೆಯ ಅಂಗೈಯಲ್ಲೇ ಇದೆ!

ಹಿಂದೆ ಈ ಕೆಲಸ ಸೂಲಗಿತ್ತಿಯರದಾಗಿತ್ತು. ಆ ಕೈಗೆ ಸರ್ಕಾರವೂ ಮಾನ ಕೊಟ್ಟಿದೆ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಈಗ ಹೆರಿಗೆ ಆಸ್ಪತ್ರೆಗೆ ಬಂದಿದೆ. ಅದು ಒಳ್ಳೆಯದೇ. ಆದರೆ ನಡ ಹಿಡಿಯುವ ಕೈ ಮಾತ್ರ ಮನೆಯಲ್ಲೇ ಉಳಿದುಬಿಟ್ಟಿತು.

ನಡ ಇಷ್ಟು ನೋಯುವುದೇಕೆ? ಕೆಲವೊಮ್ಮೆ ಕೂಸಿನ ತಲೆಯ ಹಿಂಭಾಗ ತಾಯಿಯ ಬೆನ್ನೆಲುಬಿನ ಕಡೆಗೇ ತಿರುಗಿರುತ್ತದೆ. ಬ್ಯಾನಿ ಬಂದಾಗಲೆಲ್ಲ ಆ ಗಟ್ಟಿ ತಲೆ ಬೆನ್ನಿನ ಬುಡದ ಎಲುಬನ್ನು ಅದುಮುತ್ತದೆ. ಹೆಚ್ಚಿನ ಕೂಸುಗಳು ಹೆರಿಗೆಯ ಹೊತ್ತಿಗೆ ತಾವೇ ಹೊರಳಿಕೊಳ್ಳುತ್ತವೆ. ಅಲ್ಲಿಯವರೆಗೆ ತಾಯಿಗೆ ಆಸರೆ ಬೇಕು.

ಮಾಡುವುದು ಹೀಗೆ. ಬಸುರಿ ಮಂಚಕ್ಕೆ ಕೈ ಊರಿ ಮುಂದಕ್ಕೆ ಬಾಗಿ ನಿಲ್ಲಲಿ, ಇಲ್ಲವೆ ಅಂಬೆಗಾಲಿನಂತೆ ಮೊಣಕಾಲೂರಲಿ. ಬ್ಯಾನಿ ಏರುವಾಗ ಬೆನ್ನಿನ ಬುಡದ ಚಪ್ಪಟೆ ಎಲುಬಿನ ಮೇಲೆ ಅಂಗೈಯ ಹಿಮ್ಮಡಿ ಇಟ್ಟು ಒಂದೇ ಸಮ ಒತ್ತಿ ಹಿಡಿಯಬೇಕು. ಬ್ಯಾನಿ ಇಳಿದಾಗ ಬಿಡಬೇಕು. ಎಷ್ಟು ಬಿಗಿ ಬೇಕೆಂದು ಹೇಳಬೇಕಾದವಳು ಆಕೆಯೇ. ಟೊಂಕದ ಎರಡೂ ಮಗ್ಗುಲಿಗೆ ಅಂಗೈ ಇಟ್ಟು ಒಳಕ್ಕೆ ಒತ್ತಿ ಹಿಡಿದರೂ ಹಲವರಿಗೆ ಹಗುರಾಗುತ್ತದೆ. ನಡುವೆ ಬೆನ್ನು ನೀವಬಹುದು, ಬೆಚ್ಚನೆ ಬಟ್ಟೆಯ ಕಾವು ಕೊಡಬಹುದು. ಕಾವು ಸುಡದಂತಿದೆಯೇ ಎಂದು ಮೊದಲು ನಿಮ್ಮ ಮುಂಗೈ ಮೇಲೆ ಇಟ್ಟು ನೋಡಿರಿ. ತೊಂದರೆಯಿಲ್ಲದ ಹೆರಿಗೆಯಲ್ಲಿ ಓಡಾಟ, ನೀವುವುದು, ಕಾವು — ಈ ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಒಪ್ಪಿದೆ.

ಆದರೆ ಒಂದು ಮಾತು ನೆನಪಿರಲಿ. “ಲಗೂ ಆಗಲಿ” ಎಂದು ಹೊಟ್ಟೆಯನ್ನು ಮೇಲಿನಿಂದ ಒತ್ತುವುದು ಕೂಡದು! ತಾಯಿಗೂ ಕೂಸಿಗೂ ಅದು ಅಪಾಯ. ಅದೇ ಸಂಸ್ಥೆ ಇದನ್ನು ಬೇಡವೆಂದಿದೆ. ರಕ್ತ ಹೋದರೆ, ನೀರು ಹಸಿರಾಗಿ ಬಂದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಬಿಡುವೇ ಇಲ್ಲದೆ ನೋವು ಹಿಡಿದರೆ ನಡ ಒತ್ತುತ್ತ ಕೂಡಬೇಡಿ. ಮನೆಯಲ್ಲಿದ್ದರೆ 108ಕ್ಕೆ ಫೋನು ಮಾಡಿರಿ, ಆಸ್ಪತ್ರೆಯಲ್ಲಿದ್ದರೆ ನರ್ಸಮ್ಮನನ್ನು ಕೂಗಿರಿ.

“ಒಳಗ ಯಾರನ್ನೂ ಬಿಡೂದಿಲ್ರೀ” ಎಂಬ ಮಾತು ಎಷ್ಟೋ ಮನೆಯವರದು. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಬಸುರಿಯ ಜೊತೆ ಒಬ್ಬರು ಇರಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಜೊತೆಗಿರುವವರಿಗೆ ಸೋಂಕು ರೋಗವಿರಬಾರದು, ಬಟ್ಟೆ ಶುಚಿಯಾಗಿರಬೇಕು, ವೈದ್ಯರ ಕೆಲಸಕ್ಕೆ ಅಡ್ಡಿಯಾಗಬಾರದು. ಇದು ಹಂಗಿನ ಮಾತಲ್ಲ. ವಿನಯದಿಂದ ಕೇಳಿರಿ, ಆದರೆ ಕೇಳದೆ ಬಿಡಬೇಡಿ.

ಆಸ್ಪತ್ರೆಯ ಗೇಟಿನ ಹೊರಗೆ ಚಹಾ ಕುಡಿಯುತ್ತ ನಿಲ್ಲುವ ಗಂಡಸರಿಗೂ ಒಂದು ಕೆಲಸವಿದೆ. ದಿನ ತುಂಬುವ ಮೊದಲೇ ಜೊತೆಗೆ ಹೋಗುವವರು ಯಾರೆಂದು ಗೊತ್ತುಮಾಡಿ, ಅಂಗೈ ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂಬುದನ್ನು ಅವರಿಗೆ ಇವತ್ತೇ ಓದಿ ಹೇಳಲಿ.