ಕ್ಷಮಿಸಿದರೆ ಕೇಸು ವಾಪಸ್ ತಗೋಬೇಕಾ?

2022ರ ಜುಲೈನಲ್ಲಿ ಸುಳ್ಯದ ಬೆಳ್ಳಾರೆಯಿಂದ ಸುರತ್ಕಲ್‌ವರೆಗೆ, ಹತ್ತೇ ದಿನಗಳಲ್ಲಿ ಮೂವರು ಯುವಕರು ಕೊಲೆಯಾದರು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬೆಳ್ಳಾರೆಗೆ ಬಂದರು. ಒಂದು ಮನೆಗೆ ಹೋಗಿ ಸಾಂತ್ವನ ಹೇಳಿದರು, ಹತ್ತಿರದಲ್ಲೇ ಇದ್ದ ಇನ್ನೊಂದು ಸಾವಿನ ಮನೆಗೆ ಹೋಗಲಿಲ್ಲ.

ಕರುಣೆ ನಮ್ಮವರಿಗಷ್ಟೇ ಅನ್ನೋ ಈ ಲೆಕ್ಕಾಚಾರವನ್ನೇ ಯೇಸು ಬೆಟ್ಟದ ಪ್ರಸಂಗದಲ್ಲಿ ಕೆಣಕಿದ್ದು. ಪ್ರೀತಿಸುವವರನ್ನು ತಿರುಗಿ ಪ್ರೀತಿಸೋದರಲ್ಲಿ ಏನು ಹೆಚ್ಚುಗಾರಿಕೆ, ಅದನ್ನು ಸುಂಕದವರೂ ಮಾಡ್ತಾರಲ್ಲ ಎಂಬುದು ಆತನ ಪ್ರಶ್ನೆ. ಕೇಳಿಸಿಕೊಂಡವರು ರೋಮನ್ನರ ಆಳ್ವಿಕೆಯಲ್ಲಿದ್ದ ಯಹೂದಿಗಳು. ಅವರ ಶತ್ರು, ದಾರೀಲಿ ಹಿಡಿದು ಮೂಟೆ ಹೊರಿಸುವ ಸೈನಿಕ. ಹಾಗಾಗಿ ನಾನಿದನ್ನು ರಾಜಕೀಯ ಮಾತಾಗಿಯೇ ಓದ್ತೀನಿ. ಕೇರಳದಿಂದ ಬಂದ ಕ್ರೈಸ್ತ ಕುಟುಂಬಗಳಿರುವ ಕಡಬ, ಪುತ್ತೂರಿನ ಚರ್ಚುಗಳಲ್ಲೂ ಇದನ್ನು ಓದ್ತಾರೆ. ಪುತ್ತೂರಿನಲ್ಲಿ 2010ರಿಂದ ಮಲಂಕರ ಕ್ಯಾಥೊಲಿಕ್ ಧರ್ಮಪ್ರಾಂತ್ಯವೇ ಇದೆ.

ಹಾಗಾದ್ರೆ ಕೊಲೆಗಾರನನ್ನು ಬಿಟ್ಟುಬಿಡೋದಾ? 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ತನ್ನ ಗಂಡ, ಇಬ್ಬರು ಮಕ್ಕಳನ್ನು ಸುಟ್ಟವರನ್ನು ಗ್ಲ್ಯಾಡಿಸ್ ಸ್ಟೇನ್ಸ್ ಕ್ಷಮಿಸಿದರು. ಕೇಸು ನಿಲ್ಲಲಿಲ್ಲ. ದಾರಾ ಸಿಂಗ್‌ನ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೊಲೆಯ ನಂತರವೂ ಗ್ಲ್ಯಾಡಿಸ್ ಕೆಲವು ವರ್ಷ ಬಾರಿಪದದಲ್ಲೇ ಉಳಿದು, ಅದೇ ಊರಿನ ಕುಷ್ಠರೋಗಿಗಳ ಆರೈಕೆ ಮಾಡಿದರು.