ಎಳ್ಳುಕಾಳಿನಷ್ಟು ಗಂಡು ಉಣ್ಣಿ

ಹಸು ಮೇವು ಬಿಟ್ಟಿದೆ, ಕಣ್ಣು ಹಳದಿಯಾಗಿದೆ, ಆದರೆ ಮೂತ್ರ ಕೆಂಪಾಗಿಲ್ಲ. ಅಂದಮೇಲೆ ಇದು ಉಣ್ಣಿ ಜ್ವರ ಅಲ್ಲ ತಾನೇ? ಹಾಸನದ ಕಡೆಯ ಓದುಗರೊಬ್ಬರ ಪ್ರಶ್ನೆ. ಕಾಮಾಲೆ ಇರಬೇಕು, ಬರೆ ಹಾಕಿಸಿ ಎನ್ನುತ್ತಿದ್ದಾರಂತೆ ನೆರೆಯವರು. ದಯವಿಟ್ಟು ಬೇಡ. ರಕ್ತ ಬತ್ತಿ ನಿಲ್ಲಲಾರದ ಮೂಕಪ್ರಾಣಿಗೆ ಕಾದ ಕಬ್ಬಿಣ ಇಡುವುದು ಔಷಧವಲ್ಲ, ಹಿಂಸೆ.

ಮೂತ್ರ ಕೆಂಪಾಗಿಸುವುದು ಬಬೀಸಿಯಾ ಎಂಬ ಏಕಕೋಶಜೀವಿ. ಅದು ರಕ್ತಕಣವನ್ನು ನಾಳದೊಳಗೇ ಒಡೆದುಹಾಕುತ್ತದೆ. ಇಲ್ಲಿ ನನಗೆ ಅನುಮಾನ, ಉಣ್ಣಿಯೇ ಹರಡುವ ಅನಾಪ್ಲಾಸ್ಮಾ ಮಾರ್ಜಿನೇಲ್ ಎಂಬ ಬ್ಯಾಕ್ಟೀರಿಯಾದ ಮೇಲೆ. ಇದು ಕೆಂಪು ಕಣದೊಳಗೆ ಕೂತು ಸಂತಾನ ಬೆಳೆಸುತ್ತದೆ. ಸೋಂಕಿತ ಕಣಗಳನ್ನು ಹೆಕ್ಕಿ ಹೆಕ್ಕಿ ನಾಶಮಾಡುವುದು ಹಸುವಿನದೇ ಗುಲ್ಮ. ಅದಕ್ಕೇ ಕಣ್ಣು ಹಳದಿಯಾದರೂ ಮೂತ್ರಕ್ಕೆ ಕೆಂಪು ಇಳಿಯದು. 1910ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಈ ಬ್ಯಾಕ್ಟೀರಿಯಾವನ್ನು ಗುರುತಿಸಿದವರು ಆರ್ನಾಲ್ಡ್ ಥೈಲರ್. ಪಶುವೈದ್ಯ ಗೆಳೆಯರ ಸೂಕ್ಷ್ಮದರ್ಶಕದಲ್ಲಿ ನಾನೂ ನೋಡಿದ್ದೇನೆ: ಅಕ್ಕಿರೊಟ್ಟಿಯ ಅಂಚಿಗೆ ಅಂಟಿದ ಸಾಸಿವೆಯಂತೆ ಕಣದ ಬದಿಯಲ್ಲೊಂದು ನೇರಳೆ ಚುಕ್ಕೆ. ‘ಮಾರ್ಜಿನೇಲ್’ ಎಂಬ ಹೆಸರು ಬಂದದ್ದೇ ಈ ಅಂಚಿನಿಂದ.

ಇನ್ನು ನನ್ನನ್ನು ಬಹಳ ದಿನ ಕಾಡಿದ ಒಗಟು. ನಮ್ಮ ದನಗಳ ಮೇಲಿನ ರಿಪಿಸೆಫಾಲಸ್ ಮೈಕ್ರೋಪ್ಲಸ್ ಉಣ್ಣಿ ಮರಿಯಾಗಿದ್ದಾಗ ಒಂದು ಹಸುವನ್ನು ಹತ್ತಿತೆಂದರೆ ಸುಮಾರು ಮೂರು ವಾರ ಅಲ್ಲೇ ಬೆಳೆಯುತ್ತದೆ. ಹೆಣ್ಣು ರಕ್ತ ಕುಡಿದು ಹರಳುಬೀಜದಂತೆ ಊದಿ, ಕೆಳಗುದುರಿ, ಗೋಡೆಯ ಬಿರುಕಿನಲ್ಲಿ 2000ಕ್ಕೂ ಹೆಚ್ಚು ಮೊಟ್ಟೆಯಿಟ್ಟು ಸಾಯುತ್ತದೆ. ಬಬೀಸಿಯಾ ಆ ಮೊಟ್ಟೆಗಳಿಗೂ ದಾಟುತ್ತದೆ. ಅನಾಪ್ಲಾಸ್ಮಾ ಸಾಮಾನ್ಯವಾಗಿ ದಾಟುವುದಿಲ್ಲ. ಹಾಗಿದ್ದರೆ ಪಕ್ಕದ ಹಸುವಿಗೆ ರೋಗ ಹೋಗುವುದಾದರೂ ಹೇಗೆ?

ಗಂಡು! ಎಳ್ಳುಕಾಳಿನಷ್ಟಿರುವ ಅದು ಒಮ್ಮೆ ಹೊಟ್ಟೆ ತುಂಬಿಸಿಕೊಂಡು ಉದುರುವ ಜಾತಿಯಲ್ಲ. ಇಲ್ಲಿಷ್ಟು ಅಲ್ಲಿಷ್ಟು ಹೀರುತ್ತ, ಹೆಣ್ಣು ಹುಡುಕುತ್ತ ವಾರಗಟ್ಟಲೆ ಅಲೆಯುತ್ತದೆ. ಗೋದಲಿಯಲ್ಲಿ ಎರಡು ಹಸುಗಳ ಮೈ ತಾಗಿದರೆ ಸಾಕು, ದಾಟಿಬಿಡುತ್ತದೆ. ಅಷ್ಟರಲ್ಲಿ ಬ್ಯಾಕ್ಟೀರಿಯಾ ಅದರ ಕರುಳಿನಲ್ಲಿ ವೃದ್ಧಿಯಾಗಿ ಜೊಲ್ಲಿನ ಗ್ರಂಥಿ ಸೇರಿರುತ್ತದೆ. ನಾವೋ, ಊದಿದ ಹೆಣ್ಣನ್ನಷ್ಟೇ ಕಿತ್ತು ಕೆಂಡಕ್ಕೆ ಹಾಕಿ ಕೈ ತೊಳೆದುಕೊಳ್ಳುತ್ತೇವೆ.

ಎಳೆಗರುಗಳು ಈ ಸೋಂಕನ್ನು ಬಹುಪಾಲು ಸದ್ದಿಲ್ಲದೆ ದಾಟುತ್ತವೆ. ಎರಡು ವರ್ಷ ದಾಟಿದ ಹಸು ಸತ್ತೇಹೋಗಬಹುದು. ಆದ್ದರಿಂದ ಓದುಗರೇ, ಇವತ್ತೇ ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿ. ಆಕ್ಸಿಟೆಟ್ರಾಸೈಕ್ಲಿನ್ ಬೇಗ ಬಿದ್ದರೆ ಹಸು ಚೇತರಿಸಿಕೊಳ್ಳುತ್ತದೆ. ಚೇತರಿಸಿಕೊಂಡ ಮೇಲೂ ಅದರ ರಕ್ತದಲ್ಲಿ ಬ್ಯಾಕ್ಟೀರಿಯಾ ಉಳಿದಿರುತ್ತದೆ. ಒಂದೇ ಸೂಜಿಯನ್ನು ಮುಂದಿನ ಹಸುವಿಗೂ ಚುಚ್ಚಲು ಬಿಡಬೇಡಿ, ಆ ಸೂಜಿಯೂ ಒಂದು ಗಂಡು ಉಣ್ಣಿಯೇ. ಸಂಜೆ ಹಾಲು ಕರೆದಾದ ಮೇಲೆ ಕೆಚ್ಚಲ ಹಿಂದೆ, ತೊಡೆಸಂದಿಯಲ್ಲಿ ಬೆರಳಾಡಿಸಿ. ದಪ್ಪ ಉಣ್ಣಿ ಸಿಕ್ಕರೆ ಮೆಲ್ಲಗೆ ಮಗುಚಿ ನೋಡಿ. ಅದರ ಹೊಟ್ಟೆಯಡಿಯಲ್ಲಿ ಕಂದುಬಣ್ಣದ ಸಣ್ಣದೊಂದು ಅವುಚಿಕೊಂಡಿರಬಹುದು.