ಕ್ಯಾನ್ಸರ್ ಮದ್ದಿನೊಳಗಿನ ಕಲ್ಮಶವನ್ನು ಕಂಡುಹಿಡಿಯುವುದು ಹೇಗೆ?

ಅಡಿಕೆ ಸುಲಿದ ಮೇಲೆ ಪಟೋರ, ಕೋಕ, ಕರಿಗೋಟುಗಳನ್ನು ಬೇರೆ ಮಾಡುವುದು ನಮಗೆಲ್ಲ ಗೊತ್ತು. ಅಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ ಇಂಜೆಕ್ಷನ್ ಬಾಟಲಿಯಲ್ಲಿ ಒಂದು ಮದ್ದಿನೊಂದಿಗೆ ಇನ್ನೊಂದು ಮದ್ದು ತುಸುವೇ ಬೆರೆತಿದ್ದರೆ ಗುರುತಿಸುವುದು ಹೇಗೆ?

2007ರಲ್ಲಿ ಚೀನಾದಲ್ಲಿ ಹೀಗೆಯೇ ಆಯಿತು. ರಕ್ತದ ಕ್ಯಾನ್ಸರ್ ಇದ್ದವರಿಗೆ ಬೆನ್ನುಹುರಿಯ ದ್ರವದೊಳಗೆ ಮೆಥೊಟ್ರೆಕ್ಸೇಟ್ ಎಂಬ ಮದ್ದನ್ನು ಕೊಡುವುದುಂಟು. ಅದನ್ನು ಪಡೆದ ಹಲವರ ಕಾಲುಗಳು ಬಲ ಕಳೆದುಕೊಂಡವು. ತೊಂದರೆಗೆ ಒಳಗಾದವರು ನೂರಕ್ಕೂ ಹೆಚ್ಚು ಮಂದಿ. ಶಾಂಘೈಯ ಕಾರ್ಖಾನೆಯೊಂದರಲ್ಲಿ ತಯಾರಾಗುವಾಗ ಅದಕ್ಕೆ ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಕ್ಯಾನ್ಸರ್ ಮದ್ದು ಸೇರಿಹೋಗಿತ್ತು. ವಿನ್‌ಕ್ರಿಸ್ಟಿನ್ ನಮ್ಮ ಅಂಗಳದ ನಿತ್ಯಪುಷ್ಪದಲ್ಲಿರುವ ಅಂಶ. ರಕ್ತನಾಳಕ್ಕೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಜೀವ ಉಳಿಸುತ್ತದೆ. ಬೆನ್ನುಹುರಿಯ ದ್ರವಕ್ಕೆ ಹೋದರೆ ಅದೇ ವಿಷ.

ಇಂತಹ ಕಲ್ಮಶವನ್ನು ಬೇರ್ಪಡಿಸಿ ತೋರಿಸುವ ವಿಧಾನಕ್ಕೆ ಕ್ರೊಮ್ಯಾಟೊಗ್ರಫಿ ಎಂದು ಹೆಸರು. ಇದನ್ನು ಮೊದಲು ರೂಪಿಸಿದವರು ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್. 1900ರ ದಶಕದ ಆರಂಭದಲ್ಲಿ ಅವರು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಗೆ ಎಲೆಯ ರಸವನ್ನು ಹಾಕಿದರು. ಹಸಿರು, ಹಳದಿ ಬಣ್ಣಗಳು ಬೇರೆ ಬೇರೆ ಪಟ್ಟಿಗಳಾಗಿ ನಿಂತವು. ಪುಡಿಗೆ ಹೆಚ್ಚು ಅಂಟುವ ವಸ್ತು ಹಿಂದೆ ಉಳಿಯುತ್ತದೆ, ಕಡಿಮೆ ಅಂಟುವುದು ಮುಂದೆ ಹೋಗುತ್ತದೆ. ಗುಟ್ಟು ಇಷ್ಟೇ.

ಇಂದು ಕೊಳವೆ ಉಕ್ಕಿನದು, ಒಳಗಿರುವುದು ಅತಿ ನುಣುಪಾದ ಸಿಲಿಕಾ ಪುಡಿ. ಪಂಪು ಹೆಚ್ಚಿನ ಒತ್ತಡದಲ್ಲಿ ದ್ರವವನ್ನು ದೂಡುತ್ತದೆ. ಹೊರಬರುವ ಒಂದೊಂದು ವಸ್ತುವಿಗೂ ಪರದೆಯ ಮೇಲೆ ಒಂದೊಂದು ಶಿಖರ ಮೂಡುತ್ತದೆ.

ಯಂತ್ರ ಇದ್ದರೆ ಸಾಲದು, ಪ್ರತಿಯೊಂದು ಮದ್ದಿಗೂ ತಕ್ಕ ವಿಧಾನವನ್ನು ರೂಪಿಸಬೇಕು. ದ್ರವದ ಮಿಶ್ರಣ, ಹುಳಿಯಂಶ, ಉಷ್ಣತೆಗಳನ್ನು ಬದಲಿಸುತ್ತಾ ಶಿಖರಗಳು ಒಂದರ ಮೇಲೊಂದು ಬೀಳದಂತೆ ನೋಡುತ್ತಾರೆ. ಬೇಕೆಂದೇ ಮದ್ದನ್ನು ಬಿಸಿ, ಬೆಳಕು, ಆಮ್ಲಗಳಿಗೆ ಒಡ್ಡಿ ಕೆಡಿಸಿ, ಕೆಟ್ಟ ಅಂಶ ಬೇರೆಯಾಗಿ ಕಾಣುವುದೇ ಎಂದು ಪರೀಕ್ಷಿಸುತ್ತಾರೆ. ಗೊತ್ತಿರುವ ಕಲ್ಮಶವನ್ನು ಅಳೆದು ಬೆರೆಸಿ, ಎಷ್ಟು ಕಡಿಮೆ ಇದ್ದರೂ ಸಿಗುತ್ತದೆ ಎಂದು ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ನೂರರಲ್ಲಿ 0.05 ಭಾಗವನ್ನಾದರೂ ಕಾಣಬೇಕು. ಎಂದರೆ ಒಂದು ಕಿಲೋ ಅಕ್ಕಿಯಲ್ಲಿ ಅರ್ಧ ಗ್ರಾಂ. ಅದಕ್ಕಿಂತಲೂ ಸೂಕ್ಷ್ಮವಾದುದಕ್ಕೆ ಅಣುವನ್ನೇ ತೂಗುವ ಯಂತ್ರವನ್ನು ಜೋಡಿಸುತ್ತಾರೆ. ಮೆಥೊಟ್ರೆಕ್ಸೇಟಿನ ಅಣುತೂಕ ಸುಮಾರು 454, ವಿನ್‌ಕ್ರಿಸ್ಟಿನ್‌ನದು 825. ತೂಕದಲ್ಲಿ ಎರಡೂ ಬೇರೆ ಎಂದು ಸ್ಪಷ್ಟವಾಗುತ್ತದೆ.

ಆದರೆ ಒಂದು ಮಾತು. ಮುಖ್ಯ ಮದ್ದು ಎಷ್ಟಿದೆ ಎಂದು ಮಾತ್ರ ಅಳೆಯುವ ಪರೀಕ್ಷೆಯಲ್ಲಿ ಬೇರೆ ಮದ್ದು ಸೇರಿರುವುದು ತಪ್ಪಿಹೋಗಬಹುದು. ಏನು ಬೆರೆತಿರಬಹುದು ಎಂದು ಮೊದಲೇ ಯೋಚಿಸಿ ಹುಡುಕುವ ವಿಧಾನವೇ ರೋಗಿಯನ್ನು ಕಾಯುತ್ತದೆ.

ನಾವು ಮಾಡಬೇಕಾದುದೂ ಇದೆ. ಕ್ಯಾನ್ಸರ್ ಮದ್ದನ್ನು ಬಿಲ್ಲಿಲ್ಲದೆ ಕೊಳ್ಳಬಾರದು. ಬ್ಯಾಚ್ ನಂಬರನ್ನು ಬರೆದಿಟ್ಟುಕೊಳ್ಳಬೇಕು. ಫ್ರಿಜ್ಜಿನಲ್ಲಿಡಬೇಕಾದ ಮದ್ದನ್ನು ಬಿಸಿಲಲ್ಲಿ ಹೊತ್ತು ತರಬಾರದು. ಇಂಜೆಕ್ಷನ್ ಆದ ಮೇಲೆ ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಕಾಯದೆ ವೈದ್ಯರಿಗೆ ತಿಳಿಸಬೇಕು. ನಿತ್ಯಪುಷ್ಪದಲ್ಲಿ ಮದ್ದಿದೆಯೆಂದು ಎಲೆಯನ್ನು ಕುದಿಸಿ ಕುಡಿಯುವುದಂತೂ ಬೇಡ. ಅದರಲ್ಲಿ ಯಾವುದು ಎಷ್ಟಿದೆ ಎಂದು ಅಳೆಯಲು ನಮ್ಮ ಅಡುಗೆಮನೆಯಲ್ಲಿ ಯಾವ ಸಾಧನವೂ ಇಲ್ಲ.